ಸಾರ್ವಜನಿಕ ನೀತಿ ಓದಿದವರಿಗೆ ಕೆಲಸ: ಹಿಂದಿನ ಪದವಿ ಮತ್ತು ಅನುಭವದ ಪಾತ್ರವೇನು?

ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕೆಲಸ ಹುಡುಕುತ್ತಿರುವವರ ಸ್ವವಿವರಗಳನ್ನು ಸಾಲಾಗಿ ಇಟ್ಟು ಓದಿದರೆ, ಕೊನೆಯ ಎರಡು ವರ್ಷಗಳ ಓದು ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಸೂಕ್ಷ್ಮ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಸಂವಿಧಾನ ಮತ್ತು ಆಡಳಿತ ಕಾನೂನು, ನೀತಿ ವಿಶ್ಲೇಷಣೆ, ಒಂದಷ್ಟು ಕ್ಷೇತ್ರಕಾರ್ಯ, ಕೊನೆಗೊಂದು ಪ್ರಬಂಧ. ಅದಕ್ಕೂ ಹಿಂದಿನದು ಮಾತ್ರ ಒಬ್ಬರಂತೆ ಇನ್ನೊಬ್ಬರದಿರುವುದಿಲ್ಲ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದವರು, ಐದು ವರ್ಷದ ಕಾನೂನು ಪದವಿ ಪಡೆದವರು, ದಂತವೈದ್ಯರು, ಕೃಷಿ ವಿಜ್ಞಾನದ ಪದವೀಧರರು, ಪತ್ರಿಕೆಯಲ್ಲಿ ವರದಿಗಾರರಾಗಿದ್ದವರು, ನಾಲ್ಕು ವರ್ಷ ಐಎಎಸ್ ಪರೀಕ್ಷೆಗೆ ಓದಿದವರು, ಬಿಎ ಮುಗಿಸಿ ನೇರವಾಗಿ ಬಂದವರು ಎಲ್ಲರೂ ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಆದುದರಿಂದ ಸಂದರ್ಶನದಲ್ಲಿ ಕೇಳುವ ಮುಖ್ಯ ಪ್ರಶ್ನೆ ಈ ಪದವಿಯಲ್ಲಿ ಏನು ಓದಿದಿರಿ ಎಂಬುದಲ್ಲ, ಇದಕ್ಕೂ ಮುಂಚೆ ಏನು ಮಾಡುತ್ತಿದ್ದಿರಿ ಮತ್ತು ಆ ಕೆಲಸಕ್ಕೂ ಈ ಓದಿಗೂ ಎಲ್ಲಿ ಕೊಂಡಿ ಬೆಸೆದಿದ್ದೀರಿ ಎಂಬುದು. ಪದವಿಗೆ ಸೇರುವ ಮುನ್ನವೇ ಇದನ್ನು ತಿಳಿದಿದ್ದರೆ ಎರಡು ವರ್ಷಗಳನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದು ಸ್ಪಷ್ಟವಾಗುತ್ತದೆ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿಂದಿನ ಬದುಕಿಗೆ ಇಷ್ಟು ತೂಕ ಬರುವುದಕ್ಕೆ ಕಾರಣವಿದೆ. ಕಾನೂನು ಪದವಿ ಪಡೆದವರು ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬಹುದು, ವೈದ್ಯಕೀಯ ಪದವಿ ಪಡೆದವರು ವೈದ್ಯಕೀಯ ಪರಿಷತ್ತಿನಲ್ಲಿ. ಆ ಪದವಿಗಳ ಎದುರಿಗೆ ಒಂದೊಂದು ಬಾಗಿಲು ಇದೆ. ಪದವಿ ಇಲ್ಲದವರು ಅದನ್ನು ದಾಟುವಂತಿಲ್ಲ. ಸಾರ್ವಜನಿಕ ನೀತಿಯ ಪದವಿಗೆ ಭಾರತದಲ್ಲಿ ಅಂಥ ಬಾಗಿಲು ಇಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಯಾವುದೇ ವಿಷಯದ ಪದವಿ ಸಾಕು, ಕರ್ನಾಟಕ ಆಡಳಿತ ಸೇವೆಗೂ ಹಾಗೆಯೇ. ನೀತಿ ಆಯೋಗ ಗುತ್ತಿಗೆಯ ಮೇಲೆ ನೇಮಿಸಿಕೊಳ್ಳುವ ಯಂಗ್ ಪ್ರೊಫೆಷನಲ್ ಹುದ್ದೆಗಳಿಗೂ ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಪದವೀಧರರು ನೀತಿ ಓದಿದವರ ಪಕ್ಕದಲ್ಲೇ ನಿಂತು ಅರ್ಜಿ ಹಾಕುತ್ತಾರೆ. ಹೊರಗಿನ ಪರಿಣತರನ್ನು ನೇರವಾಗಿ ಉನ್ನತ ಹುದ್ದೆಗೆ ತರುವ ವ್ಯವಸ್ಥೆಯ ಬಗ್ಗೆ ಅನೇಕ ವಿದ್ಯಾರ್ಥಿಗಳಿಗೆ ಆಸೆಯಿದೆ. 2018ರಲ್ಲಿ ಹತ್ತು ಜಂಟಿ ಕಾರ್ಯದರ್ಶಿ ಹುದ್ದೆಗಳಿಗೆ ಕರೆದ ಅರ್ಜಿಯಲ್ಲಿ ಕೇಳಿದ್ದು ಕನಿಷ್ಠ 40 ವರ್ಷ ವಯಸ್ಸು ಮತ್ತು 15 ವರ್ಷಗಳ ಅನುಭವ. 2024ರ ಆಗಸ್ಟ್‌ನಲ್ಲಿ 45 ಹುದ್ದೆಗಳಿಗೆ ಹೊರಡಿಸಿದ ಜಾಹೀರಾತನ್ನು, ಮೀಸಲಾತಿ ಇಲ್ಲವೆಂಬ ಆಕ್ಷೇಪ ಎದ್ದ ಮೇಲೆ, ಕೆಲವೇ ದಿನಗಳಲ್ಲಿ ಹಿಂಪಡೆಯಲಾಯಿತು. ಆಗಷ್ಟೇ ಪದವಿ ಮುಗಿಸಿದ 25ರ ಹರೆಯದವರಿಗೆ ಅದು ದಾರಿಯಲ್ಲ.

ಈ ಪದವಿ ಹುಟ್ಟಿದ ಅಮೆರಿಕದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರಾ ತಮ್ಮ ಇಲಾಖೆಯಲ್ಲಿ ತಂದಿದ್ದ ಯೋಜನೆ ಮತ್ತು ಬಜೆಟ್ ಜೋಡಿಸುವ ವಿಶ್ಲೇಷಣಾ ಪದ್ಧತಿಯನ್ನು ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಉಳಿದ ಇಲಾಖೆಗಳಿಗೂ ವಿಸ್ತರಿಸಿದರು. ಲೆಕ್ಕ ಹಾಕಿ, ಪರ್ಯಾಯಗಳನ್ನು ತೂಗಿ, ಎರಡು ಪುಟದಲ್ಲಿ ಮೇಲಧಿಕಾರಿಗೆ ಟಿಪ್ಪಣಿ ಬರೆಯಬಲ್ಲ ವಿಶ್ಲೇಷಕರು ಇಲಾಖೆ ಇಲಾಖೆಗೂ ಬೇಕಾದರು. ಆ ಬೇಡಿಕೆಯ ಬೆನ್ನಿಗೇ 1969ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ನೀತಿ ಅಧ್ಯಯನ ಶಾಲೆ ಆರಂಭವಾಯಿತು. ಹಾರ್ವರ್ಡ್ ಮೊದಲಾದ ವಿಶ್ವವಿದ್ಯಾಲಯಗಳೂ ಅದೇ ಕಾಲದಲ್ಲಿ ಇಂಥ ಪದವಿ ರೂಪಿಸಿದವು. 1977ರಲ್ಲಿ ಸ್ನಾತಕೋತ್ತರ ಪದವೀಧರರನ್ನು ಒಕ್ಕೂಟ ಸರ್ಕಾರದ ಕೆಲಸಕ್ಕೆ ತೆಗೆದುಕೊಳ್ಳಲೆಂದೇ ಅಧ್ಯಕ್ಷರ ಹೆಸರಿನ ಫೆಲೋಶಿಪ್ ಒಂದು ಶುರುವಾಗಿ, ದಶಕಗಳ ಕಾಲ ನೀತಿ ಶಾಲೆಗಳ ವಿದ್ಯಾರ್ಥಿಗಳಿಗೆ ಅದು ಸರ್ಕಾರದೊಳಗಿನ ಹೆದ್ದಾರಿಯಾಗಿತ್ತು. 2025ರ ಫೆಬ್ರುವರಿಯಲ್ಲಿ ಅದನ್ನೂ ಅಧ್ಯಕ್ಷರ ಆದೇಶದ ಮೂಲಕ ರದ್ದುಪಡಿಸಲಾಯಿತು.

ನಮ್ಮಲ್ಲಿ ಬೇಡಿಕೆಗೆ ಮೊದಲೇ ಪದವಿ ಬಂದಿತು. 1954ರಲ್ಲಿ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಸ್ಥಾಪನೆಯಾದಾಗ ಗಮನವಿದ್ದದ್ದು ಸೇವೆಯಲ್ಲಿರುವ ಅಧಿಕಾರಿಗಳ ಕಡೆಗೆ. 2002ರಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ ನೀತಿ ಮತ್ತು ನಿರ್ವಹಣೆಯ ಸ್ನಾತಕೋತ್ತರ ಕಾರ್ಯಕ್ರಮ ಆರಂಭಿಸಿದಾಗಲೂ ಮನಸ್ಸಿನಲ್ಲಿದ್ದವರು ಮುಖ್ಯವಾಗಿ ನಾಗರಿಕ ಸೇವೆಯ ಅಧಿಕಾರಿಗಳೇ. ಅವರಿಗೆ ಕೆಲಸ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಓದು ಮುಗಿದ ಮೇಲೆ ಇಲಾಖೆಗೆ ಮರಳುತ್ತಿದ್ದರು. ಕಳೆದ ದಶಕದಲ್ಲಿ ಚಿತ್ರ ಬದಲಾಯಿತು. 2012ರಲ್ಲಿ ಸೋನಿಪತ್‌ನ ಜಿಂದಾಲ್ ವಿಶ್ವವಿದ್ಯಾಲಯ, 2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಆಮೇಲೆ ದೆಹಲಿ, ಹೈದರಾಬಾದ್‌ನ ಖಾಸಗಿ ಸಂಸ್ಥೆಗಳು ಕೆಲಸವಿಲ್ಲದ, ಕೆಲಸ ಹುಡುಕಬೇಕಾದ ಯುವಕ ಯುವತಿಯರನ್ನು ಈ ಪದವಿಗೆ ಕರೆದವು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ನೀತಿ ಮತ್ತು ಆಡಳಿತದಲ್ಲಿ ಸ್ನಾತಕೋತ್ತರ ಪದವಿ ನೀಡಿತು. ಅಧಿಕಾರಿಗಳಿಗಾಗಿ ಹುಟ್ಟಿದ ಓದು ಹೊಸಬರ ಓದಾಯಿತು; ಸರ್ಕಾರದ ನೇಮಕಾತಿ ನಿಯಮಗಳು ಮಾತ್ರ ಇದ್ದಲ್ಲೇ ಇದ್ದವು. ಇಂದಿನ ವಿದ್ಯಾರ್ಥಿಗಳ ಗೊಂದಲಕ್ಕೆ ಮೂಲ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಯಾರು ಏನು ತರುತ್ತಾರೆ

ತರಗತಿಯಲ್ಲಿ ಎಂಜಿನಿಯರುಗಳು ಗಣನೀಯ ಸಂಖ್ಯೆಯಲ್ಲಿ ಇರುವುದು ನಮ್ಮ ದೇಶದ ಪದವಿ ಶಿಕ್ಷಣದ ಸಹಜ ಫಲ. ಹದಿನೇಳನೆಯ ವಯಸ್ಸಿನಲ್ಲಿ ಮನೆಯವರ ಒತ್ತಾಸೆಯಿಂದ ಎಂಜಿನಿಯರಿಂಗ್ ಸೇರಿ, ಇಪ್ಪತ್ಮೂರಕ್ಕೆ ತಮಗೆ ಬೇಕಾದದ್ದು ಬೇರೆ ಎಂದು ಕಂಡುಕೊಂಡವರು ಅವರಲ್ಲಿ ಬಹಳ. ಅಂಕಿಅಂಶಗಳಿಗೆ ಅವರು ಹೆದರುವುದಿಲ್ಲ. ಆದರೆ ವಾದ ಕಟ್ಟುವ ಬರವಣಿಗೆ, ಒಂದು ಸಮಸ್ಯೆಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರಬಹುದು ಎಂಬ ತಾಳ್ಮೆ, ಇವು ಅವರಿಗೆ ಹೊಸತು. ಅರ್ಥಶಾಸ್ತ್ರ ಓದಿದವರಿಗೆ ಮೊದಲ ವರ್ಷದ ಅರ್ಧ ಪಾಠ ಪುನರಾವರ್ತನೆ ಎನಿಸುತ್ತದೆ. ಅವರು ಎರಡನೆಯ ವರ್ಷದಲ್ಲಿ ಇನ್ನೂ ಮೇಲಿನ ಮಟ್ಟದ ಸಂಖ್ಯಾಶಾಸ್ತ್ರ ಕಲಿಯದಿದ್ದರೆ, ಶುದ್ಧ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರರೆದುರು ಸಂಶೋಧನಾ ಹುದ್ದೆಗಳಲ್ಲಿ ಹಿಂದೆ ಬೀಳುತ್ತಾರೆ. ಕಾನೂನು ಓದಿದವರಿಗೆ ಮಸೂದೆ, ನಿಯಮ, ಸುತ್ತೋಲೆ ಓದುವ ಅಭ್ಯಾಸವಿದೆ, ಮತ್ತು ಇದು ಬಹಳ ಬೆಲೆಯುಳ್ಳ ಅಭ್ಯಾಸ. ಒಂದು ಯೋಜನೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ವಿದ್ಯಾರ್ಥಿಗಳು ಆ ಯೋಜನೆಯ ಸರ್ಕಾರಿ ಆದೇಶವನ್ನೇ ಓದಿರುವುದಿಲ್ಲ.

ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ ಓದಿ ಬಂದವರು ಲೆಕ್ಕದ ತರಗತಿಗಳಲ್ಲಿ ಮೊದಲ ಆರು ತಿಂಗಳು ಕಷ್ಟಪಡುತ್ತಾರೆ. ಆದರೂ ಜಾತಿ, ಅಧಿಕಾರ, ಊರಿನ ರಾಜಕಾರಣ ಒಂದು ಯೋಜನೆಯನ್ನು ಹೇಗೆ ತಿರುಚುತ್ತವೆ ಎಂಬ ಅರಿವು ಅವರಲ್ಲಿ ಗಟ್ಟಿಯಾಗಿರುತ್ತದೆ. ವೈದ್ಯರು, ದಂತವೈದ್ಯರು, ಕೃಷಿ ಪದವೀಧರರು ಸಂಖ್ಯೆಯಲ್ಲಿ ಕಡಿಮೆ. ಅವರಿಗೆ ಕೆಲಸ ಸಿಗುವುದು ಹೆಚ್ಚಾಗಿ ಆರೋಗ್ಯ ಅಥವಾ ಕೃಷಿಯ ನೀತಿಯಲ್ಲೇ, ಏಕೆಂದರೆ ವಿಷಯಜ್ಞಾನ ಅವರಲ್ಲಿ ಮೊದಲೇ ಇರುತ್ತದೆ. ಶಾಲೆಗಳಲ್ಲಿ ಎರಡು ವರ್ಷ ಫೆಲೋ ಆಗಿ ಪಾಠ ಮಾಡಿದವರು, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿದವರು ಇನ್ನೊಂದು ಗುಂಪು. ಅವರು ಪದವಿಗೆ ಬರುವುದೇ ಒಂದು ನಿರ್ದಿಷ್ಟ ಪ್ರಶ್ನೆ ಹಿಡಿದುಕೊಂಡು: ನಾನು ಕಣ್ಣಾರೆ ಕಂಡ ಈ ತೊಡಕು ಒಂದು ಶಾಲೆಯದ್ದೋ, ಇಡೀ ವ್ಯವಸ್ಥೆಯದ್ದೋ? ಪ್ರಶ್ನೆ ಹಿಡಿದು ಬಂದವರು ಪ್ರಬಂಧಕ್ಕೆ ವಿಷಯ ಹುಡುಕುತ್ತಾ ಅಲೆಯುವುದಿಲ್ಲ, ಕೆಲಸ ಹುಡುಕುವಾಗಲೂ ಹಾಗೆಯೇ.

ಈ ಭಿನ್ನತೆ ಕೆಲಸದಲ್ಲಿ ಹೇಗೆ ಕಾಣಿಸುತ್ತದೆ ಎಂಬುದನ್ನು ಒಂದು ಯೋಜನೆಯನ್ನು ಹತ್ತಿರದಿಂದ ನೋಡಿ ತಿಳಿಯಬಹುದು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದಿತು. ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ. ನಿರ್ವಾಹಕರು ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾರೆ, ಆ ಟಿಕೆಟ್‌ನ ಲೆಕ್ಕದ ಮೇಲೆ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡಬೇಕು. ಇದರ ಪರಿಣಾಮವನ್ನು ಅಳೆಯಲು ಒಂದು ಸಂಸ್ಥೆ ಹೊಸಬರೊಬ್ಬರನ್ನು ನೇಮಿಸಿಕೊಂಡಿತೆಂದು ಇಟ್ಟುಕೊಳ್ಳೋಣ. ಎಂಜಿನಿಯರಿಂಗ್ ಓದಿದವರ ಕೈ ಸಹಜವಾಗಿ ಟಿಕೆಟ್ ಯಂತ್ರದ ದತ್ತಾಂಶದ ಕಡೆಗೆ ಹೋಗುತ್ತದೆ: ಯಾವ ಮಾರ್ಗದಲ್ಲಿ, ಯಾವ ಹೊತ್ತಿನಲ್ಲಿ, ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ. ಅರ್ಥಶಾಸ್ತ್ರ ಓದಿದವರು ತಡೆದು ಕೇಳುತ್ತಾರೆ: ಯೋಜನೆಗೆ ಮೊದಲು ಮಹಿಳೆಯರ ಪ್ರಯಾಣ ಎಷ್ಟಿತ್ತು ಎಂಬ ಹೋಲಿಕೆಯ ಲೆಕ್ಕ ಎಲ್ಲಿದೆ, ಟಿಕೆಟ್‌ನ ಸಂಖ್ಯೆ ಪ್ರಯಾಣಗಳನ್ನು ಎಣಿಸುತ್ತದೆಯೇ ಹೊರತು ಪ್ರಯಾಣಿಕರನ್ನಲ್ಲ ಅಲ್ಲವೇ, ಎರಡು ಬಸ್ ಬದಲಿಸಿ ಗಾರ್ಮೆಂಟ್ಸ್‌ಗೆ ಹೋಗಿಬರುವ ಒಬ್ಬ ಹೆಂಗಸು ದಿನಕ್ಕೆ ನಾಲ್ಕು ಟಿಕೆಟ್ ಆಗುತ್ತಾಳಲ್ಲವೇ? ಕಾನೂನು ಓದಿದವರು ಆದೇಶ ತೆರೆದು, ರಾಜ್ಯದ ನಿವಾಸಿ ಎಂಬುದಕ್ಕೆ ಯಾವ ದಾಖಲೆ ಬೇಕು, ಅದಿಲ್ಲದ ವಲಸೆ ಕಾರ್ಮಿಕ ಹೆಣ್ಣುಮಕ್ಕಳ ಪಾಡೇನು ಎಂದು ನೋಡುತ್ತಾರೆ. ಹಳ್ಳಿಗಳಲ್ಲಿ ದುಡಿದು ಬಂದವರು ಇವರಾರೂ ಕೇಳದ ಪ್ರಶ್ನೆ ಕೇಳುತ್ತಾರೆ: ದಿನಕ್ಕೆ ಒಂದೇ ಬಸ್ ಬರುವ ಊರಿನವರು, ಬಸ್ಸೇ ಬರದ ತಾಂಡಾದವರು ಈ ದತ್ತಾಂಶದಲ್ಲಿ ಎಲ್ಲಿದ್ದಾರೆ? ಅವರು ಅದರಲ್ಲಿ ಇಲ್ಲವೇ ಇಲ್ಲ, ಏಕೆಂದರೆ ಹತ್ತದ ಬಸ್ಸಿಗೆ ಟಿಕೆಟ್ ಇರುವುದಿಲ್ಲ.

ನಾಲ್ಕೂ ಪ್ರಶ್ನೆಗಳು ಸರಿಯಾದವೇ. ಕೆಲಸ ಕೊಡುವವರಿಗೆ ಬೇಕಾದದ್ದು ತಮ್ಮ ಹಿನ್ನೆಲೆಯ ಪ್ರಶ್ನೆಯನ್ನು ಚೆನ್ನಾಗಿ ಕೇಳಬಲ್ಲ, ಉಳಿದ ಮೂರು ಪ್ರಶ್ನೆಗಳು ಇವೆ ಎಂಬುದನ್ನು ಅರಿತ ಮನುಷ್ಯ. ಈ ಪದವಿಯಿಂದ ದೊರೆಯಬೇಕಾದ ಲಾಭ ಇದೇ. ಹಿಂದಿನ ವಿಷಯವನ್ನು ಮರೆತು ಎಲ್ಲರೂ ಒಂದೇ ಬಗೆಯ ಸಾಮಾನ್ಯ ವಿಶ್ಲೇಷಕರಾಗಿ ಹೊರಬಂದರೆ ಅದು ನಷ್ಟ. ಎರಡು ವರ್ಷದಲ್ಲಿ ತಮ್ಮ ಎಂಜಿನಿಯರಿಂಗನ್ನು ಮುಚ್ಚಿಡಲು ಯತ್ನಿಸಿ, ಸಂದರ್ಶನದಲ್ಲಿ ಅದನ್ನು ತಪ್ಪೊಪ್ಪಿಗೆಯಂತೆ ಹೇಳುವವರನ್ನು ಕಂಡರೆ ಬೇಸರವಾಗುತ್ತದೆ. ನೀರು ಸರಬರಾಜು, ವಿದ್ಯುತ್, ಸಾರಿಗೆಯ ನೀತಿಯಲ್ಲಿ ಕೊಳವೆಯ ವ್ಯಾಸ, ಪರಿವರ್ತಕದ ಸಾಮರ್ಥ್ಯ ಅರ್ಥವಾಗುವವರ ಕೊರತೆ ನಿಜವಾಗಿಯೂ ಇದೆ.

ಕೆಲಸ ಎಲ್ಲಿಂದ ಹುಟ್ಟುತ್ತದೆ

ಹುದ್ದೆಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಅರಿಯದೆ ಯಾವ ಹಿನ್ನೆಲೆಗೆ ಎಲ್ಲಿ ಬೆಲೆ ಎಂದು ಹೇಳಲಾಗದು. ನೀತಿ ಕ್ಷೇತ್ರದ ಉದ್ಯೋಗ ಬಹುಮಟ್ಟಿಗೆ ಕಾನೂನುಗಳಿಂದಲೂ ಅನುದಾನಗಳಿಂದಲೂ ಹುಟ್ಟುತ್ತದೆ, ಅವು ಬದಲಾದಾಗ ಕರಗುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಉತ್ತಮ ಉದಾಹರಣೆ. ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕೆಂದು ಅದು ವಿಧಿಸಿತು. 2014ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಕಂಪನಿಗಳಲ್ಲಿ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ, ವಿಭಾಗಗಳು ಬೆಳೆದವು. 2021ರ ಜನವರಿಯ ತಿದ್ದುಪಡಿಯಾದ ನಿಯಮಗಳು ಇನ್ನೊಂದು ಹೆಜ್ಜೆ ಇಟ್ಟವು: ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಿಎಸ್‌ಆರ್ ಹೊಣೆಯಿರುವ ಕಂಪನಿಗಳು, ಒಂದು ಕೋಟಿ ಅಥವಾ ಅದಕ್ಕಿಂತ ದೊಡ್ಡ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಯಿಸಬೇಕು. ಸಮೀಕ್ಷೆಯ ಪ್ರಶ್ನಾವಳಿ ರೂಪಿಸಿ, ಮಾದರಿ ಆರಿಸಿ, ವರದಿ ಬರೆಯುವವರಿಗೆ ಅಲ್ಲಿಂದ ಕೆಲಸ ಹುಟ್ಟಿತು.

ಅದೇ ಕಾಲದಲ್ಲಿ ಇನ್ನೊಂದು ಕಡೆ ಬಾವಿ ಬತ್ತಿತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ಜಿಲ್ಲಾ ಮಟ್ಟದ ಸಣ್ಣ ಸಂಸ್ಥೆಗಳಿಗೆ ಇದರ ಪೆಟ್ಟು ಬಿತ್ತು. 2025ರಲ್ಲಿ ಅಮೆರಿಕ ವಿದೇಶಗಳಿಗೆ ನೆರವು ನೀಡುವ ತನ್ನ ಯುಎಸ್ಏಡ್ ಸಂಸ್ಥೆಯನ್ನೇ ಮುಚ್ಚಿದಾಗ ಆ ಅನುದಾನದ ಮೇಲೆ ನಿಂತಿದ್ದ ಆರೋಗ್ಯ ಮತ್ತು ಅಭಿವೃದ್ಧಿ ಯೋಜನೆಗಳು ಅನೇಕ ದೇಶಗಳಲ್ಲಿ ನಿಂತುಹೋದವು. ಆದುದರಿಂದ ಈ ಕ್ಷೇತ್ರದ ಆರಂಭಿಕ ಹುದ್ದೆಗಳು ಹೆಚ್ಚಿನವು ಒಂದೆರಡು ವರ್ಷದ ಯೋಜನೆಗಳಿಗೆ ಅಂಟಿಕೊಂಡ ಗುತ್ತಿಗೆ ಹುದ್ದೆಗಳು. ಸಾಫ್ಟ್‌ವೇರ್ ಕಂಪನಿಯ ಕಾಯಂ ಕೆಲಸ ಬಿಟ್ಟು ಬರುವವರು ಇದನ್ನು ಮನೆಯವರಿಗೆ ಮೊದಲೇ ಹೇಳಿರಬೇಕು.

ನೀತಿ ಅಧ್ಯಯನ ನಡೆಸುವ ಸಂಸ್ಥೆಗಳ ಮಟ್ಟಿಗೆ ಬೆಂಗಳೂರು ಭಾಗ್ಯಶಾಲಿ. 1972ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ನಾಗರಿಕರಿಂದಲೇ ಸರ್ಕಾರಿ ಸೇವೆಗಳಿಗೆ ಅಂಕ ಕೊಡಿಸುವ ವರದಿಪತ್ರಗಳಿಗೆ ಹೆಸರಾದ, 1994ರಲ್ಲಿ ಡಾ. ಸ್ಯಾಮ್ಯುಯೆಲ್ ಪಾಲ್ ಕಟ್ಟಿದ ಸಾರ್ವಜನಿಕ ವ್ಯವಹಾರಗಳ ಕೇಂದ್ರ, ನಗರಾಡಳಿತದಲ್ಲಿ ತೊಡಗಿರುವ ಜನಾಗ್ರಹ, ನಗರ ಅಧ್ಯಯನದ ಭಾರತೀಯ ಮಾನವ ವಸತಿ ಸಂಸ್ಥೆ, ಇಂಧನ ಮತ್ತು ತಂತ್ರಜ್ಞಾನ ನೀತಿಯ ಸಿಸ್ಟೆಪ್, ನ್ಯಾಯಾಲಯಗಳ ವಿಳಂಬವನ್ನು ಅಧ್ಯಯನ ಮಾಡುವ ದಕ್ಷ್, ತಳಮಟ್ಟದ ಸಂಶೋಧನೆಯ ಮೈಸೂರಿನ ಗ್ರಾಮ್, ಇವೆಲ್ಲ ನಮ್ಮ ನಡುವೆಯೇ ಇವೆ. ಸರ್ಕಾರಿ ಯೋಜನೆಗಳ ಮೌಲ್ಯಮಾಪನವನ್ನು ಹೊರಗಿನ ಸಂಸ್ಥೆಗಳಿಗೆ ವಹಿಸುವ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವೂ ಇದೆ. ಹೆಸರುಗಳನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟ: ಪ್ರತಿಯೊಂದಕ್ಕೂ ತನ್ನದೇ ವಿಷಯವಿದೆ. ಇಂಧನ ಸಂಸ್ಥೆ ಎಂಜಿನಿಯರಿಂಗ್ ಹಿನ್ನೆಲೆಯನ್ನು, ನ್ಯಾಯಾಲಯಗಳ ಅಧ್ಯಯನ ಸಂಸ್ಥೆ ಕಾನೂನು ಹಿನ್ನೆಲೆಯನ್ನು ಮೊದಲು ಹುಡುಕುವುದು ಸ್ವಾಭಾವಿಕ. ಸರ್ಕಾರಿ ಇಲಾಖೆಗಳಿಗೆ ಸಲಹೆ ನೀಡುವ ದೊಡ್ಡ ಸಲಹಾ ಕಂಪನಿಗಳು ವಿಷಯಕ್ಕಿಂತ ಹೆಚ್ಚಾಗಿ ಗಡುವಿನೊಳಗೆ ದಾಖಲೆ, ಪ್ರಾತ್ಯಕ್ಷಿಕೆ ಸಿದ್ಧಪಡಿಸುವ ಚುರುಕನ್ನು ನೋಡುತ್ತವೆ. ಹಿಂದೆ ಕಂಪನಿಗಳಲ್ಲಿ ದುಡಿದವರಿಗೆ ಅಲ್ಲಿ ಅನುಕೂಲ, ಸಂಬಳವೂ ಸ್ವಯಂಸೇವಾ ಸಂಸ್ಥೆಗಳಿಗಿಂತ ಉತ್ತಮ.

ಅನುಭವವನ್ನು ಓದುವ ಬಗೆ

ಪದವಿ ಮುಗಿದೊಡನೆ ಸ್ನಾತಕೋತ್ತರಕ್ಕೆ ಸೇರಬೇಕೇ, ಎರಡು ಮೂರು ವರ್ಷ ದುಡಿದು ಸೇರಬೇಕೇ? ಸಾಧ್ಯವಿದ್ದವರು ದುಡಿದೇ ಸೇರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತರಗತಿಯಲ್ಲಿ ಪ್ರೋತ್ಸಾಹಧನ, ಮಾಹಿತಿಯ ಕೊರತೆ, ಅಧಿಕಾರಶಾಹಿಯ ವರ್ತನೆ ಎಂಬ ಮಾತು ಬಂದಾಗ ಅದಕ್ಕೆ ಸ್ವಂತ ಅನುಭವದಿಂದ ಒಂದು ಉದಾಹರಣೆ ಜೋಡಿಸಬಲ್ಲವರು ಆ ಪಾಠವನ್ನು ಉಳಿಸಿಕೊಳ್ಳುತ್ತಾರೆ. ಹಾರ್ವರ್ಡ್‌ನ ಕೆನಡಿ ಶಾಲೆಯಂತಹ ಕಡೆ ವೃತ್ತಿಯ ನಡುವಿನವರಿಗೆಂದೇ ಇರುವ ಒಂದು ವರ್ಷದ ಪದವಿಗೆ ಕನಿಷ್ಠ ಏಳು ವರ್ಷಗಳ ಅನುಭವ ಕೇಳುವುದೂ ಈ ಕಾರಣದಿಂದಲೇ. ನೇರವಾಗಿ ಬಂದವರು ಎದೆಗುಂದಬೇಕಿಲ್ಲ. ಅವರು ಎರಡು ವರ್ಷಗಳೊಳಗಿನ ಇಂಟರ್ನ್‌ಷಿಪ್ ಮತ್ತು ಪ್ರಬಂಧವನ್ನೇ ತಮ್ಮ ಮೊದಲ ಅನುಭವವಾಗಿ ಕಟ್ಟಿಕೊಳ್ಳಬೇಕು, ಮತ್ತು ಎರಡೂ ಒಂದೇ ವಿಷಯದಲ್ಲಿರಬೇಕು. ಒಂದು ಬೇಸಿಗೆ ನಗರ ಸಾರಿಗೆ, ಇನ್ನೊಂದು ಚಳಿಗಾಲ ಪೌಷ್ಟಿಕಾಂಶ, ಪ್ರಬಂಧ ಡಿಜಿಟಲ್ ಗೋಪ್ಯತೆ ಎಂದು ಹರಡಿಕೊಂಡ ಸ್ವವಿವರದಿಂದ ಆಸಕ್ತಿಗಳ ಪಟ್ಟಿ ಸಿಗುತ್ತದೆ, ಕೆಲಸಗಾರರ ಚಿತ್ರ ಸಿಗುವುದಿಲ್ಲ. ಪಿಆರ್‌ಎಸ್ ಶಾಸನ ಸಂಶೋಧನಾ ಸಂಸ್ಥೆ ನಡೆಸುವ ಲ್ಯಾಂಪ್ ಫೆಲೋಶಿಪ್‌ನಲ್ಲಿ 25 ವರ್ಷದೊಳಗಿನ ಪದವೀಧರರು ಹತ್ತಿರ ಹತ್ತಿರ ಒಂದು ವರ್ಷ ಸಂಸದರೊಬ್ಬರ ಜೊತೆ ಪ್ರಶ್ನೆ, ಮಸೂದೆ, ಭಾಷಣಗಳಿಗೆ ಸಂಶೋಧನೆ ಮಾಡುತ್ತಾರೆ. ಇದು ಸ್ನಾತಕೋತ್ತರಕ್ಕೆ ಮೊದಲೇ ಸಿಗಬಹುದಾದ ಅನುಭವ.

ನಾಗರಿಕ ಸೇವಾ ಪರೀಕ್ಷೆಗೆ ಓದಿ ಆಯ್ಕೆಯಾಗದೆ ಬಂದವರ ಮಾತು ಪ್ರತ್ಯೇಕವಾಗಿ ಹೇಳಬೇಕು. ಸಾಮಾನ್ಯ ವರ್ಗದವರಿಗೆ ಆರು ಬಾರಿ, ಇತರೆ ಹಿಂದುಳಿದ ವರ್ಗದವರಿಗೆ ಒಂಬತ್ತು ಬಾರಿ ಬರೆಯಲು ಅವಕಾಶವಿರುವ ಈ ಪರೀಕ್ಷೆಯಲ್ಲಿ ಯೌವನದ ಮೂರು ನಾಲ್ಕು ವರ್ಷ ಕಳೆದುಹೋಗುವುದು ಸುಲಭ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳ ಸುತ್ತ, ಧಾರವಾಡದ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ಕಳೆದ ಆ ವರ್ಷಗಳನ್ನು ಸ್ವವಿವರದಲ್ಲಿ ಖಾಲಿ ಬಿಡುವವರೇ ಹೆಚ್ಚು. ಬಿಡಬಾರದು. ಸಂವಿಧಾನ, ಆರ್ಥಿಕ ಸಮೀಕ್ಷೆ, ಸಮಿತಿಗಳ ವರದಿಗಳನ್ನು ಅಷ್ಟು ಶ್ರದ್ಧೆಯಿಂದ ಓದಿದವರು ತರಗತಿಯಲ್ಲಿ ಬೇರೆ ಯಾರೂ ಇರುವುದಿಲ್ಲ. ಪ್ರಾಮಾಣಿಕವಾಗಿ ಒಂದು ಸಾಲಿನಲ್ಲಿ ನಮೂದಿಸಿದರೆ ಸಾಕು. ಮುಖ್ಯ ಪರೀಕ್ಷೆ ಅಥವಾ ಸಂದರ್ಶನದ ಹಂತ ತಲುಪಿದ್ದರೆ ಅದನ್ನೂ ಹೇಳಬೇಕು. ಅವರಲ್ಲಿರುವ ನಿಜವಾದ ಕೊರತೆ ಬೇರೆ: ವ್ಯಾಪಕವಾಗಿ ತಿಳಿದಿರುತ್ತದೆ, ಆದರೆ ಒಂದು ದತ್ತಾಂಶವನ್ನು ಸ್ವತಃ ಕೈಯಲ್ಲಿ ಹಿಡಿದು ಅದರಿಂದ ತೀರ್ಮಾನ ತೆಗೆದ ಅನುಭವ ಇರುವುದಿಲ್ಲ. ಆ ಒಂದನ್ನು ತುಂಬಿಕೊಂಡರೆ ಅವರು ಬಲವಾದ ಅಭ್ಯರ್ಥಿಗಳು.

ಇನ್ನು ಕನ್ನಡ ಮಾಧ್ಯಮದಲ್ಲಿ ಓದಿ, ಜಿಲ್ಲೆಗಳ ಸರ್ಕಾರಿ ಪದವಿ ಕಾಲೇಜುಗಳಿಂದ ಬರುವವರು. ಇವರ ವಿಷಯದಲ್ಲಿ ನನಗೆ ಕಾಳಜಿ ಹೆಚ್ಚು, ಏಕೆಂದರೆ ಪ್ರವೇಶ ಪರೀಕ್ಷೆ, ತರಗತಿ, ಸಂದರ್ಶನ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುವಾಗ ತಮ್ಮಲ್ಲಿರುವುದಕ್ಕೆ ಬೆಲೆಯಿಲ್ಲವೆಂದು ಇವರೇ ನಂಬಿಬಿಡುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಯುವತಿ ಬಿಎ ಮುಗಿಸಿ ತನ್ನ ಊರಿನ ಗ್ರಾಮ ಪಂಚಾಯಿತಿಯಲ್ಲಿ ಎರಡು ವರ್ಷ ದುಡಿದು ಈ ಪದವಿಗೆ ಸೇರಿದಳೆಂದುಕೊಳ್ಳಿ. ಸ್ವವಿವರದಲ್ಲಿ ಆಕೆ ಬರೆಯುವುದು ಒಂದೇ ಸಾಲು: ಡೇಟಾ ಎಂಟ್ರಿ ಆಪರೇಟರ್, ಗ್ರಾಮ ಪಂಚಾಯಿತಿ. ಓದಿದವರಿಗೆ ಬೆರಳಚ್ಚು ಕೆಲಸ ಎನಿಸುತ್ತದೆ. ಆಕೆ ನಿಜವಾಗಿ ಮಾಡಿದ್ದೇನು? ಉದ್ಯೋಗ ಖಾತ್ರಿಯ ಕೂಲಿಕಾರರ ಹಾಜರಾತಿ ಪಟ್ಟಿ, ಅಂದರೆ ಎನ್‌ಎಂಆರ್, ತೆಗೆದು, ಕೂಲಿಕಾರರ ಗುಂಪಿನ ಮೇಲ್ವಿಚಾರಕರಾದ ಕಾಯಕ ಬಂಧುಗಳ ಜೊತೆ ತಾಳೆ ನೋಡಿ, ಗಣಕಕ್ಕೆ ಏರಿಸಿದಳು. ಕೆಲವರ ಕೂಲಿ ಹಣ ಬ್ಯಾಂಕಿನಿಂದ ತಿರಸ್ಕೃತವಾಗಿ ವಾಪಸು ಬಂದಾಗ, ಯಾಕೆಂದು ಒಂದೊಂದನ್ನೇ ಹುಡುಕಿದಳು: ಒಬ್ಬರ ಆಧಾರ್‌ನಲ್ಲಿ ಗಂಡನ ಹೆಸರು ಸೇರಿತ್ತು, ಜಾಬ್ ಕಾರ್ಡ್‌ನಲ್ಲಿ ತಂದೆಯ ಹೆಸರಿತ್ತು, ಇನ್ನೊಬ್ಬರ ಬ್ಯಾಂಕು ವಿಲೀನವಾಗಿ ಐಎಫ್‌ಎಸ್‌ಸಿ ಸಂಖ್ಯೆ ಬದಲಾಗಿತ್ತು, ಮತ್ತೊಬ್ಬರ ಖಾತೆ ವ್ಯವಹಾರವಿಲ್ಲದೆ ಸ್ಥಗಿತವಾಗಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ (ಪಿಡಿಒ) ಪತ್ರ ಬರೆಸಿ, ಫಲಾನುಭವಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಹಣ ಮತ್ತೆ ಬಿಡುಗಡೆ ಮಾಡಿಸಿದಳು.

ನೇರ ನಗದು ವರ್ಗಾವಣೆ ಎಲ್ಲಿ ಮುಗ್ಗರಿಸುತ್ತದೆ ಎಂಬುದರ ಮೇಲೆ ಸಂಶೋಧನಾ ಪ್ರಬಂಧಗಳು ಬರುತ್ತವೆ. ಈ ಯುವತಿ ಅದನ್ನು ಎರಡು ವರ್ಷ ದಿನವೂ ಕಂಡು, ಸರಿಪಡಿಸಿದ್ದಾಳೆ. ಆಕೆಯ ಸ್ವವಿವರದಲ್ಲಿ ಇರಬೇಕಾದದ್ದು ತಿರಸ್ಕೃತ ಪಾವತಿಗಳ ಕಾರಣಗಳನ್ನು ಗುರುತಿಸಿ ವರ್ಗೀಕರಿಸಿದ್ದು, ಬ್ಯಾಂಕು, ತಾಲ್ಲೂಕು ಪಂಚಾಯಿತಿ, ಕೂಲಿಕಾರರ ನಡುವೆ ಸಮನ್ವಯ ಮಾಡಿದ್ದು, ಎಷ್ಟು ಪ್ರಕರಣ ಪರಿಹಾರವಾಯಿತು ಎಂಬ ನೈಜ ಸಂಖ್ಯೆ. ಆಕೆಯ ಪ್ರಬಂಧವೂ ಅದರ ಮೇಲೆಯೇ ಇರಬೇಕು, ಏಕೆಂದರೆ ಆ ವಿಷಯದಲ್ಲಿ ಆಕೆ ಕೇಳಬಲ್ಲ ಪ್ರಶ್ನೆಯನ್ನು ಕಚೇರಿಯಲ್ಲಿ ಕುಳಿತ ಹಿರಿಯ ಸಂಶೋಧಕರೂ ಕೇಳಲಾರರು. ಕರ್ನಾಟಕ ರಾಜಭಾಷಾ ಕಾಯ್ದೆ 1963ರಲ್ಲೇ ಬಂದಿದೆ; ತಾಲ್ಲೂಕು ಮತ್ತು ಪಂಚಾಯಿತಿಯ ಕಡತಗಳು, ನಡವಳಿ ಪುಸ್ತಕಗಳು ಕನ್ನಡದಲ್ಲಿವೆ. ಗ್ರಾಮಸಭೆಯ ನಡವಳಿಯಲ್ಲಿ ‘ಸಭೆಯು ಸರ್ವಾನುಮತದಿಂದ ಅನುಮೋದಿಸಿತು’ ಎಂದು ಬರೆದಿದ್ದರೆ ನಿಜಕ್ಕೂ ಎಷ್ಟು ಜನ ಸೇರಿದ್ದರು ಎಂದು ಸಹಿಗಳ ಪುಟ ತಿರುಗಿಸಿ ನೋಡುವ ಬುದ್ಧಿ ಆ ಕಡತಗಳ ಜೊತೆ ಬೆಳೆದವರಿಗೇ ಬರುವುದು. ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ನಡೆಸುವ ಸಂಸ್ಥೆಗಳು ಕನ್ನಡ ಬಲ್ಲವರನ್ನು ಸಮೀಕ್ಷಕರನ್ನಾಗಿ ಮಾತ್ರ ತೆಗೆದುಕೊಂಡು, ವಿಶ್ಲೇಷಣೆಯ ಹುದ್ದೆಗೆ ಬೇರೆಯವರನ್ನು ಕೂರಿಸುವುದು ಅನ್ಯಾಯವಷ್ಟೇ ಅಲ್ಲ, ಅವರ ಅಧ್ಯಯನದ ಗುಣಮಟ್ಟಕ್ಕೂ ಹಾನಿ. ಹಾಗೆಂದು ಇಂಗ್ಲಿಷ್ ಬರವಣಿಗೆಯನ್ನು ಕಡೆಗಣಿಸುವಂತಿಲ್ಲ. ಎರಡು ಪುಟದ ನೀತಿ ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯುವುದು ಅಭ್ಯಾಸದಿಂದ ಬರುವ ವಿದ್ಯೆ, ಎರಡು ವರ್ಷ ಅದಕ್ಕೆ ಸಾಕು. ಪಂಚಾಯಿತಿಯ ತಿಳಿವಳಿಕೆಯನ್ನು ಎರಡು ವರ್ಷದ ತರಗತಿಯಲ್ಲಿ ಗಳಿಸಲಾಗದು.

ವಿದೇಶಕ್ಕೆ ಹೋಗುವವರಿಗೆ ಲೆಕ್ಕ ಇನ್ನೊಂದು ಬಗೆಯದು. ಅಮೆರಿಕದ ಒಕ್ಕೂಟ ಸರ್ಕಾರದ ಹುದ್ದೆಗಳು ಸಾಮಾನ್ಯವಾಗಿ ಆ ದೇಶದ ಪೌರರಿಗೆ ಮಾತ್ರ. ಆದುದರಿಂದ ಭಾರತದಿಂದ ಹೋದವರು ಸಹಪಾಠಿಗಳು ಅರ್ಜಿ ಹಾಕುವ ಅನೇಕ ಕಡೆ ಅರ್ಜಿಯನ್ನೇ ಹಾಕಲಾಗದೆ, ವಿಶ್ವಬ್ಯಾಂಕಿನ ಅಲ್ಪಾವಧಿ ಸಲಹೆಗಾರಿಕೆ, ಸಂಶೋಧನಾ ಸಂಸ್ಥೆಗಳು, ಖಾಸಗಿ ಸಲಹಾ ಕಂಪನಿಗಳ ಕಡೆಗೆ ತಿರುಗುತ್ತಾರೆ. ಅಲ್ಲೂ ಎಣಿಕೆಗೆ ಬರುವುದು ಹಿಂದಿನ ಕ್ಷೇತ್ರದ ಅನುಭವವೇ. ರಾಯಚೂರಿನಲ್ಲೋ ಯಾದಗಿರಿಯಲ್ಲೋ ದುಡಿದ ಎರಡು ವರ್ಷ ವಾಷಿಂಗ್ಟನ್ನಿನ ಸಂದರ್ಶನದಲ್ಲಿ ಮಾತಿಗೆ ಆಧಾರವಾಗುತ್ತದೆ.

ಪ್ರವೇಶಕ್ಕೆ ಮುನ್ನ ಕಾಲೇಜುಗಳನ್ನು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ, ಅವನ್ನು ಸಂಕೋಚವಿಲ್ಲದೆ ಕೇಳಬೇಕು. ಕರಪತ್ರಗಳಲ್ಲಿ ಮುದ್ರಿಸುವ ಸರಾಸರಿ ಸಂಬಳ ಯಾರ ಸಂಬಳ? ಐದು ವರ್ಷ ಕಂಪನಿಯಲ್ಲಿದ್ದು ಬಂದ ಎಂಜಿನಿಯರ್ ಸಲಹಾ ಸಂಸ್ಥೆ ಸೇರಿ ಪಡೆದ ಮೊತ್ತವನ್ನೂ, ನೇರವಾಗಿ ಬಂದ ಬಿಎ ಪದವೀಧರೆ ಸ್ವಯಂಸೇವಾ ಸಂಸ್ಥೆಯಲ್ಲಿ ಪಡೆದ ಮೊತ್ತವನ್ನೂ ಕೂಡಿಸಿ ಭಾಗಿಸಿದ ಸಂಖ್ಯೆ ಇಬ್ಬರಿಗೂ ಉಪಯೋಗವಿಲ್ಲದ್ದು. ಹಿಂದಿನ ಅನುಭವವಿಲ್ಲದೆ ಸೇರಿದವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಜನರಿಗೆ ಆರು ತಿಂಗಳೊಳಗೆ ಕೆಲಸ ಸಿಕ್ಕಿತು, ಆ ಕೆಲಸ ಕಾಯಂ ಆಗಿತ್ತೋ ಗುತ್ತಿಗೆಯದ್ದೋ, ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಕೊನೆಗೆ ಅವರು ಇನ್ನೂ ನೀತಿ ಕ್ಷೇತ್ರದಲ್ಲೇ ಇದ್ದಾರೋ, ಎಂಬುದನ್ನು ಹಿನ್ನೆಲೆವಾರು ಬಿಡಿಸಿ ಕೊಡುವಂತೆ ಕೇಳಬೇಕು. ದತ್ತಾಂಶವನ್ನು ಹೇಗೆ ವಿಂಗಡಿಸಿ ಓದಬೇಕು ಎಂದು ಮೊದಲ ಸೆಮಿಸ್ಟರಿನಲ್ಲಿ ಪಾಠ ಮಾಡುವ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳ ಲೆಕ್ಕವನ್ನೂ ಹಾಗೆಯೇ ಪ್ರಕಟಿಸಬೇಕು, ಮತ್ತು ಸಾಲ ಮಾಡಿ ಶುಲ್ಕ ಕಟ್ಟುವ ಕುಟುಂಬಗಳಿಗೆ ಅದು ಅರ್ಜಿ ಸಲ್ಲಿಸುವ ದಿನಕ್ಕೂ ಮೊದಲೇ ಸಿಗಬೇಕು.